ಮಾವನ ಡೈರಿಯಲ್ಲಿ 8,760

ನಮ್ಮ ಸೋದರಮಾವನ ಪಾಕೆಟ್ ಡೈರಿಯ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಂಖ್ಯೆ ಇದೆ: 8,760. ಅದರ ಕೆಳಗೆ ಎರಡು ಗೆರೆ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು ಅವರು. ಟ್ರಿಪ್ ಮುಗಿದ ಮೇಲೆ ವೇ ಬಿಲ್ಲಿಗೂ ಬ್ಯಾಗಿನ ಚಿಲ್ಲರೆಗೂ ತಾಳೆಯಾಗದಿದ್ದರೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಆ ಚಾಳಿ ಹೋಗಿಲ್ಲ. ದಿನಕ್ಕೆ 8 ಸಿಗರೇಟು, ವರ್ಷಕ್ಕೆ 365 ದಿನ, ಹೆಚ್ಚುಕಡಿಮೆ 3 ವರ್ಷ. ಗುಣಿಸಿದರೆ 8,760. 2019ರಲ್ಲಿ ಒಮ್ಮೆ ಬಿಟ್ಟು, ಮತ್ತೆ ಹಿಡಿದು, 2022ರಲ್ಲಿ ಪೂರ್ತಿ ಬಿಡುವವರೆಗೆ ಸೇದಿದ ಲೆಕ್ಕ ಅದು. ಅಷ್ಟನ್ನೂ ಸೇದಿಸಿದ್ದು ಇನ್ನೊಂದು ಸಣ್ಣ ಅಂಕಿ, 0.3.

ಮಾವನಿಗೆ ಸಕ್ಕರೆ ಕಾಯಿಲೆ ಬಂದು ಆಗಲೇ ಹತ್ತು ವರ್ಷ ದಾಟಿತ್ತು. ಡಾಕ್ಟರು ಗದರಿದರು ಎಂದು ಮೇ ತಿಂಗಳಲ್ಲಿ ಸಿಗರೇಟು ಬಿಟ್ಟರು. ಆಗಸ್ಟ್‌ನಲ್ಲಿ ಮೂರು ತಿಂಗಳ ಸಕ್ಕರೆ ಪರೀಕ್ಷೆ, ಅಂದರೆ ಎಚ್‌ಬಿಎ1ಸಿ. 8.1 ಇದ್ದದ್ದು 8.4 ಆಗಿತ್ತು. ತೂಕ 68 ಇದ್ದದ್ದು 71. ಲ್ಯಾಬಿನ ಮೆಟ್ಟಿಲು ಇಳಿಯುತ್ತಲೇ, 'ನೋಡಪ್ಪ, ಬಿಟ್ಟಿದ್ದಕ್ಕೇ ಶುಗರ್ ಏರೈತೆ. ಅದು ಇದ್ದಾಗ ಹದ್ದುಬಸ್ತಿನಾಗಿತ್ತು' ಎಂದವರು ನೇರ ಎದುರಿನ ಗೂಡಂಗಡಿಗೆ ನಡೆದರು. ಪಕ್ಕದಲ್ಲೇ ನಿಂತಿದ್ದ ನನಗೆ ಎದುರು ಮಾತು ಹೊಳೆಯಲಿಲ್ಲ. ಕಾಗದದ ಮೇಲಿನ ಅಂಕಿ ಅವರ ಪರವಾಗಿಯೇ ಇತ್ತು.

ಉತ್ತರ ಅದಕ್ಕೂ ನಾಲ್ಕು ವರ್ಷ ಮೊದಲೇ ಅಚ್ಚಾಗಿತ್ತು. ಬ್ರಿಟನ್ನಿನ ಸಾಮಾನ್ಯ ವೈದ್ಯರ ದಾಖಲೆಗಳಿಂದ ಎರಡನೇ ಬಗೆಯ ಸಕ್ಕರೆ ಕಾಯಿಲೆ ಇರುವ 10,692 ಧೂಮಪಾನಿಗಳನ್ನು ಹಿಂಬಾಲಿಸಿದ ಅಧ್ಯಯನವೊಂದು 2015ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದಿತ್ತು. ಅವರಲ್ಲಿ 3,131 ಮಂದಿ, ಅಂದರೆ ನೂರಕ್ಕೆ 29 ಜನ, ಬಿಟ್ಟು ಕನಿಷ್ಠ ಒಂದು ವರ್ಷ ತಾಳಿಕೊಂಡವರು. ಬಿಟ್ಟ ಮೊದಲ ವರ್ಷದಲ್ಲಿ ಅವರ ಎಚ್‌ಬಿಎ1ಸಿ ಸರಾಸರಿ 0.21 ಏರಿತು. ಆಮೇಲೆ ನಿಧಾನವಾಗಿ ಇಳಿಯುತ್ತ ಬಂದು, ಮೂರು ವರ್ಷಕ್ಕೆ ಸೇದುತ್ತಲೇ ಇದ್ದವರ ಮಟ್ಟಕ್ಕೆ ಬಂದು ನಿಂತಿತು. ತೂಕ ಏರಿದ್ದೊಂದೇ ಇದಕ್ಕೆ ಕಾರಣವಲ್ಲ ಎಂಬುದೂ ಅದೇ ಲೆಕ್ಕದಲ್ಲಿ ಕಂಡಿತು.

ಮಾವನ 0.3 ರೋಗವಲ್ಲ, ಸರಾಸರಿಗೆ ತುಸು ಮೇಲಿದ್ದ ಮಾಮೂಲಿ ಏರಿಕೆ. ತೂಕದ ಕಥೆಯೂ ಹಾಗೆಯೇ. ಸಿಗರೇಟು ಬಿಟ್ಟವರ ತೂಕ ಹನ್ನೆರಡು ತಿಂಗಳಲ್ಲಿ ಸರಾಸರಿ 4ರಿಂದ 5 ಕೆಜಿ ಏರುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಮೂರು ತಿಂಗಳಲ್ಲೇ. ನಿಕೋಟಿನ್ ಹಸಿವನ್ನು ಅದುಮಿಡುತ್ತದೆ, ಕೂತಲ್ಲೇ ಮೈ ಸುಡುವ ಶಕ್ತಿಯನ್ನೂ ಸ್ವಲ್ಪ ಹೆಚ್ಚಿಸುತ್ತದೆ. ಅದು ಹೋದ ಮೇಲೆ ನಾಲಿಗೆಗೆ ರುಚಿ ಮರಳುತ್ತದೆ, ತಟ್ಟೆಗೆ ಇನ್ನೊಂದು ಮುದ್ದೆ ಬೀಳುತ್ತದೆ.

ಹಾಗಾದರೆ ಲಾಭ ಎಲ್ಲಿ? ಸಕ್ಕರೆಯ ಕಾಲಂ ಒಂದನ್ನೇ ನೋಡಿದರೆ ಮೊದಲ ವರ್ಷ ನಷ್ಟ, ಮೂರನೆಯ ವರ್ಷಕ್ಕೆ ಸಮಸಮ. ನನ್ನ ಪ್ರಕಾರ ನಮ್ಮಲ್ಲಿ ಹೇಳದೇ ಬಿಡುವ ಮಾತು ಇದೇ. 'ಸಿಗರೇಟು ಬಿಡಿ, ಶುಗರ್ ಇಳಿಯುತ್ತೆ' ಎಂದು ಆಸೆ ತೋರಿಸಿ ಕಳಿಸುತ್ತಾರೆ. ಮೂರು ತಿಂಗಳಿಗೆ ಅದು ಏರಿದ್ದು ಕಂಡಾಗ ರೋಗಿ ಹೇಳಿದವರನ್ನೂ ನಂಬುವುದಿಲ್ಲ, ಬಿಟ್ಟದ್ದನ್ನೂ ನಂಬುವುದಿಲ್ಲ. ಲಾಭ ಇರುವುದು ಬೇರೆ ಪುಟದಲ್ಲಿ, ರಕ್ತನಾಳದ ಪುಟದಲ್ಲಿ. ಗ್ಲೂಕೋಮೀಟರಿನ ಪಟ್ಟಿ ಆ ಪುಟವನ್ನು ಓದುವುದಿಲ್ಲ.

ಆ ಪುಟದ ಅಂಕಿಗಳು ಹೀಗಿವೆ. ಸಕ್ಕರೆ ಕಾಯಿಲೆಯವರ ಧೂಮಪಾನದ ಬಗ್ಗೆ 89 ದೀರ್ಘ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೂ 2015ರದ್ದೇ. ಕಾಯಿಲೆ ಇದ್ದೂ ಎಂದೂ ಸೇದದವರಲ್ಲಿ ಒಂದು ಅವಧಿಗೆ 100 ಸಾವು ಎಂದು ಇಟ್ಟುಕೊಳ್ಳಿ. ಅಷ್ಟೇ ಸಂಖ್ಯೆಯ, ಅದೇ ಕಾಯಿಲೆಯ, ಸೇದುವವರಲ್ಲಿ ಅದು 155. ಸೇದಿ ಬಿಟ್ಟವರಲ್ಲಿ 119. ಹೃದಯದ ರಕ್ತನಾಳದ ಕಾಯಿಲೆಯಲ್ಲಿ ಸೇದುವವರದು 151, ಬಿಟ್ಟವರದು 114. ಪಾರ್ಶ್ವವಾಯುವಿನಲ್ಲಿ ಸೇದುವವರದು 154, ಬಿಟ್ಟವರದು 104, ಅಂದರೆ ಎಂದೂ ಸೇದದವರಿಗೆ ಹೆಚ್ಚುಕಡಿಮೆ ಸಮ. ಕಾಲಿನ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆಯಲ್ಲಿ ಸೇದುವವರದು 215. ಬಿಡುವ ಮನಸ್ಸು ಮಾಡಿದವರು ಬೇರೆ ವಿಷಯಗಳಲ್ಲೂ ಎಚ್ಚರದವರೇ ಇರಬಹುದು, ಆದ್ದರಿಂದ ಇಡೀ ವ್ಯತ್ಯಾಸವನ್ನು ಸಿಗರೇಟಿನ ಖಾತೆಗೇ ಬರೆಯಲು ಬಾರದು. ಆದರೂ 155 ಮತ್ತು 119ರ ನಡುವಿನ ಅಂತರ 0.21ರ ಪಕ್ಕದಲ್ಲಿ ಇಟ್ಟು ನೋಡುವಂಥದ್ದಲ್ಲ.

ತೂಕದ ಭಯಕ್ಕೂ ಉತ್ತರವಿದೆ. ಅಮೆರಿಕದ ದಾದಿಯರು ಮತ್ತು ಆರೋಗ್ಯ ವೃತ್ತಿಯವರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಇದು ಕಾಯಿಲೆ ಇಲ್ಲದವರಿಂದ ಶುರುವಾದ ಲೆಕ್ಕ. ಸಿಗರೇಟು ಬಿಟ್ಟು ದಪ್ಪಗಾದವರಲ್ಲಿ ಹೊಸದಾಗಿ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಕೆಲವು ವರ್ಷ ಏರಿ, ಆಮೇಲೆ ಇಳಿಯಿತು. ಆದರೆ ಹೃದಯ ಸಂಬಂಧಿ ಸಾವಿನಲ್ಲಿ, 10 ಕೆಜಿಗಿಂತ ಹೆಚ್ಚು ತೂಕ ಏರಿಸಿಕೊಂಡವರೂ ಸೇದುತ್ತಲೇ ಇದ್ದವರಿಗಿಂತ ಬಹಳ ಕೆಳಗಿದ್ದರು. ಹೊಟ್ಟೆ ಬಂತೆಂದು ಮತ್ತೆ ಬೆಂಕಿಕಡ್ಡಿ ಗೀರುವುದಕ್ಕೆ ಅಂಕಿಗಳ ಬೆಂಬಲವಿಲ್ಲ.

ದುಡ್ಡಿನ ಪುಟ

ಮಾವನಿಗೆ ಅಂಕಿ ಎಂದರೆ ಮೊದಲು ರೂಪಾಯಿ. 2022ರ ಯುಗಾದಿ ಮುಗಿದ ವಾರ ಇಬ್ಬರೂ ಜಗಲಿಯಲ್ಲಿ ಕೂತು ಡೈರಿಯಲ್ಲಿ ಎರಡು ಕಾಲಂ ಎಳೆದೆವು. ಅವರು ಸೇದುತ್ತಿದ್ದದ್ದು ಹತ್ತು ರೂಪಾಯಿಯ ಸಣ್ಣ ಫಿಲ್ಟರ್ ಸಿಗರೇಟು. ದಿನಕ್ಕೆ 80, ತಿಂಗಳಿಗೆ 2,400, ವರ್ಷಕ್ಕೆ 29,200. ಅಂಗಡಿಯಲ್ಲಿ ಒಂದೊಂದೇ ಕೊಳ್ಳುತ್ತಿದ್ದರಿಂದ ಈ ಮೊತ್ತ ಅವರ ಕಣ್ಣಿಗೆ ಎಂದೂ ಒಟ್ಟಿಗೆ ಬಿದ್ದಿರಲಿಲ್ಲ. ಇಪ್ಪತ್ತೊಂಬತ್ತು ಸಾವಿರ ಎಂದಾಗ ಪೆನ್ನು ಕೆಳಗಿಟ್ಟು, 'ಇನ್ನೊಂದ್ಸಲ ಗುಣಿಸು' ಎಂದರು. (2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಂಬಾಕು ನಿಯಂತ್ರಣ ತಿದ್ದುಪಡಿ ಕಾಯ್ದೆ ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವುದನ್ನು ನಿಷೇಧಿಸಿದೆ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200ರಿಂದ 1,000 ರೂಪಾಯಿಗೆ ಏರಿದೆ. ನಮ್ಮ ಬೀದಿಯ ಅಂಗಡಿಯಲ್ಲಿ ಒಂದೇ ಒಂದು ಕೇಳಿದರೆ ಈಗಲೂ ಒಂದೇ ಒಂದು ಸಿಗುತ್ತದೆ.)

ಇನ್ನೊಂದು ಕಾಲಂ ಕಾಯಿಲೆಯದು. ಮಾತ್ರೆಗೆ ತಿಂಗಳಿಗೆ 420. ಮನೆಯಲ್ಲಿ ಸಕ್ಕರೆ ನೋಡುವ ಪಟ್ಟಿ ತಿಂಗಳಿಗೆ 10, ಒಂದಕ್ಕೆ 18ರಂತೆ 180. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿಗೆ 400, ಡಾಕ್ಟರ ಫೀಸು 300. ವರ್ಷಕ್ಕೆ ಕೂಡಿಸಿದರೆ ಸರಿಯಾಗಿ 10,000. ಕಾಯಿಲೆ ಸಾಕಲು ಹತ್ತು ಸಾವಿರ, ಅದನ್ನು ಕೆರಳಿಸಲು ಇಪ್ಪತ್ತೊಂಬತ್ತು ಸಾವಿರ. ಸರ್ಕಾರಿ ಆಸ್ಪತ್ರೆಯ ಸಾಂಕ್ರಾಮಿಕವಲ್ಲದ ಕಾಯಿಲೆಗಳ (ಎನ್‌ಸಿಡಿ) ಕ್ಲಿನಿಕ್ಕಿನಲ್ಲಿ ಮಾತ್ರೆ ಉಚಿತವಾಗಿ ಸಿಗುವವರ ಮನೆಯಲ್ಲಿ ಈ ಅಂತರ ಇನ್ನೂ ಹೆಚ್ಚು.

ದೇಶದ ಲೆಕ್ಕಕ್ಕೆ ಬಂದರೆ, 2016-17ರ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ ಪ್ರಕಾರ ದಿನವೂ ಸಿಗರೇಟು ಸೇದುವ ಭಾರತೀಯನ ಸರಾಸರಿ ತಿಂಗಳ ಖರ್ಚು 1,192 ರೂಪಾಯಿ 50 ಪೈಸೆ. ಬೀಡಿ ಸೇದುವವನದು 284 ರೂಪಾಯಿ 10 ಪೈಸೆ. ಇಲ್ಲಿ ನನ್ನ ದುಡ್ಡಿನ ವಾದ ಕುಂಟುತ್ತದೆ. ಸಿಗರೇಟಿನವನಿಗೆ 'ವರ್ಷಕ್ಕೆ ಇಷ್ಟು ಉಳಿಯುತ್ತೆ' ಎಂದರೆ ಕಿವಿ ನಿಮಿರುತ್ತದೆ. ಬೀಡಿಯವನಿಗೆ ವರ್ಷಕ್ಕೆ 3,400 ಎಂದರೆ, 'ಅಷ್ಟೂ ಇಲ್ಲದಿದ್ರೆ ಕೂಲಿ ಮಾಡಿ ಏನ್ ಬಂತು ಸಾಮಿ' ಎನ್ನುತ್ತಾನೆ, ಅದು ನ್ಯಾಯವೇ. ಬೀಡಿಯಲ್ಲಿ ತಂಬಾಕು ಸಿಗರೇಟಿಗಿಂತ ಬಹಳ ಕಡಿಮೆ. ಆದರೆ ಗ್ರಾಂ ಲೆಕ್ಕದಲ್ಲಿ ನಿಕೋಟಿನ್ ಹೆಚ್ಚು, ಆರದಂತೆ ಎಳೆಯುತ್ತಲೇ ಇರಬೇಕು. ಅಗ್ಗದ ಸರಕಿಗೆ ತೆತ್ತುಕೊಳ್ಳುವ ಬೆಲೆ ಅಗ್ಗವಲ್ಲ. 2017-18ರಲ್ಲಿ 35 ವರ್ಷ ಮೇಲ್ಪಟ್ಟವರ ತಂಬಾಕು ಕಾಯಿಲೆ ಮತ್ತು ಅಕಾಲ ಸಾವುಗಳಿಂದ ದೇಶಕ್ಕಾದ ಹೊರೆ 1,77,341 ಕೋಟಿ ರೂಪಾಯಿ ಎಂದು ಅಂದಾಜಾಗಿದೆ. ತಂಬಾಕಿನ ಅಬಕಾರಿ ಸುಂಕವಾಗಿ ಖಜಾನೆಗೆ ಬಂದ ಪ್ರತಿ 100 ರೂಪಾಯಿಗೆ ಸಮಾಜದ ಮೇಲೆ ಬಿದ್ದದ್ದು 816 ರೂಪಾಯಿ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹರಾಜು ಕಟ್ಟೆಯಲ್ಲಿ ಕೆಜಿಗೆ ಎಷ್ಟು ಸಿಕ್ಕಿತೆಂದು ನಾವು ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೇವೆ. ಈ 816 ಆ ಸುದ್ದಿಯ ಪಕ್ಕದಲ್ಲಿ ಎಂದೂ ಬರುವುದಿಲ್ಲ.

ಬಿಡುವ ಖರ್ಚು

ಬಿಡುವುದಕ್ಕೂ ದುಡ್ಡು ಬೇಕು. ಮಾವ ಎರಡನೇ ಸಲ ಬರಿ ಛಲದ ಮೇಲೆ ಹೊರಡಲಿಲ್ಲ. ಅದೇ 2016-17ರ ಸಮೀಕ್ಷೆಯಲ್ಲಿ, ಬಿಡಲು ಪ್ರಯತ್ನಿಸಿದ ಧೂಮಪಾನಿಗಳಲ್ಲಿ ನೂರಕ್ಕೆ 72ರಷ್ಟು ಜನ ಯಾವ ನೆರವೂ ಇಲ್ಲದೆ ಯತ್ನಿಸಿದವರು. ನಿಕೋಟಿನ್ ಚ್ಯೂಯಿಂಗ್ ಗಮ್, ಅಂಟುಪಟ್ಟಿಯಂಥವು ಗೆಲ್ಲುವ ಸಾಧ್ಯತೆಯನ್ನು ಒಂದೂವರೆ ಪಟ್ಟು ಮಾಡುತ್ತವೆ. 2022ರಲ್ಲಿ ಇವು ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಗೂ ಸೇರಿದವು. ಮಾವ ಡಾಕ್ಟರನ್ನು ಕೇಳಿ 2 ಮಿಲಿಗ್ರಾಂ ಗಮ್ ತಂದರು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೇ ಬೇಕೆನ್ನುವವರಿಗೆ 4 ಮಿಲಿಗ್ರಾಂ ಇದೆ. ಮೊದಲ ತಿಂಗಳು ದಿನಕ್ಕೆ 8, ಎರಡನೇ ತಿಂಗಳು 5, ಮೂರನೇ ತಿಂಗಳು 2. ಒಟ್ಟು 450 ಗಮ್, ಒಂದಕ್ಕೆ 11 ರೂಪಾಯಿಯಂತೆ 4,950. ಆ 90 ದಿನ ಸಿಗರೇಟೇ ಸೇದಿದ್ದರೆ 7,200. ಚಿಕಿತ್ಸೆಯ ಖರ್ಚು ಕಳೆದೂ 2,250 ಮಿಕ್ಕಿತು.

ಮೊದಲ ವಾರ ಮಾವ ಅದನ್ನು ಬಬಲ್ ಗಮ್ಮಿನಂತೆ ಕಚಕಚ ಅಗಿದು ನುಂಗಿ, ಬಿಕ್ಕಳಿಕೆ ಬಂದು ಕಂಗಾಲಾದರು. ಅಗಿಯುವ ರೀತಿ ಬೇರೆ. ನಾಲ್ಕಾರು ಸಲ ಮೆಲ್ಲಗೆ ಅಗಿದು, ಖಾರ ಹತ್ತಿದಾಗ ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು, ಖಾರ ಹೋದ ಮೇಲೆ ಮತ್ತೆ ಅಗಿಯಬೇಕು. ಎಲೆ ಅಡಿಕೆ ಗೊತ್ತಿದ್ದವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ. ಅದಕ್ಕೆ ಕಾಲು ಗಂಟೆ ಮೊದಲು ಕಾಫಿ, ಹುಳಿ ಪಾನೀಯ ಕುಡಿದರೆ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಕಾಫಿ ಜೊತೆಗೇ ಸಿಗರೇಟು ಎಂದು ರೂಢಿಯಾದವರು ಎಡವುವುದು ಇಲ್ಲಿಯೇ.

ಎಡವಟ್ಟು ಮಾತ್ರ ಇನ್ನೊಂದು ಕಡೆಯಿಂದ ಬಂತು. ಬಾಯಿ ಖಾಲಿ ಇರಬಾರದೆಂದು ಮಾವ ಜೇಬಿನ ತುಂಬ ಪೆಪ್ಪರ್‌ಮಿಂಟ್ ಇಟ್ಟುಕೊಂಡಿದ್ದರು. ಒಂದರಲ್ಲಿ ಸುಮಾರು 3 ಗ್ರಾಂ ಸಕ್ಕರೆ. ದಿನಕ್ಕೆ 15 ಎಂದರೆ 45 ಗ್ರಾಂ, ಹೆಚ್ಚುಕಡಿಮೆ ಹತ್ತು ಚಮಚ. ಇದು ಗೊತ್ತಾದದ್ದು ಅತ್ತೆ ಬಟ್ಟೆ ಒಗೆಯುವಾಗ ಅಂಗಿ ಜೇಬಿನಿಂದ ಹನ್ನೊಂದು ಖಾಲಿ ಹಾಳೆ ಹೊರಬಂದಾಗ. ಮೂರನೇ ತಿಂಗಳು ಎಚ್‌ಬಿಎ1ಸಿ ಮತ್ತೆ 8.4. ಈ ಸಲ ಗೂಡಂಗಡಿಗೆ ಹೋಗಲಿಲ್ಲ. ಡಾಕ್ಟರೂ ಮಾತ್ರೆ ಹೆಚ್ಚಿಸಲಿಲ್ಲ, 'ಮಿಠಾಯಿ ಬಿಟ್ಟು ಬನ್ನಿ' ಎಂದರು. ಪೆಪ್ಪರ್‌ಮಿಂಟಿನ ಜಾಗಕ್ಕೆ ಸೋಂಪು, ಲವಂಗ ಬಂದವು. ಸಿಗರೇಟಿನ ಜೊತೆ ಹೋದದ್ದರಲ್ಲಿ ಒಳ್ಳೆಯದೂ ಇತ್ತು. ಅಂಗಡಿ ಮುಂದೆ ನಿಂತು ಕುಡಿಯುತ್ತಿದ್ದ ನಾಲ್ಕು ಬೈಟು ಟೀ ನಿಂತಿತು. ಒಂದರಲ್ಲಿ 8 ಗ್ರಾಂ ಸಕ್ಕರೆ ಎಂದರೂ ದಿನಕ್ಕೆ 32 ಗ್ರಾಂ, ವರ್ಷಕ್ಕೆ 11 ಕೆಜಿ 680 ಗ್ರಾಂ. ಮಾವ ಅದನ್ನು ಡೈರಿಯಲ್ಲಿ 'ಅರ್ಧ ಮೂಟೆ' ಎಂದು ಬರೆದಿದ್ದಾರೆ. ಮೂಟೆ 50 ಕೆಜಿಯದು ಎಂದು ನಾನು ತಿದ್ದಲಿಲ್ಲ.

ಸಕ್ಕರೆ ಕಾಯಿಲೆಯವರು ತಂಬಾಕು ಬಿಡುವಾಗ ಇನ್ನೊಂದು ಗೊಂದಲವಿದೆ, ಉಳಿದವರಿಗೆ ಅದು ಇರುವುದಿಲ್ಲ. ಕೈ ನಡುಕ, ಬೆವರು, ಸಿಡುಕು, ಹೊಟ್ಟೆಯಲ್ಲಿ ಸಂಕಟ. ಇವು ನಿಕೋಟಿನ್ ಇಲ್ಲದಾಗಲೂ ಬರುತ್ತವೆ, ಸಕ್ಕರೆ ಕುಸಿದಾಗಲೂ ಬರುತ್ತವೆ. ಮೇಲಾಗಿ ಸೇದುವಾಗ ಚರ್ಮದಡಿಯ ರಕ್ತನಾಳ ಬಿಗಿದಿರುವುದರಿಂದ ಇನ್ಸುಲಿನ್ ನಿಧಾನವಾಗಿ ಹೀರಿಕೆಯಾಗುತ್ತದೆ, ಬಿಟ್ಟ ಮೇಲೆ ಅದೇ ಪ್ರಮಾಣ ಹೆಚ್ಚು ಬಲವಾಗಿ ನಾಟಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಬಿಡುವ ದಿನಾಂಕವನ್ನು ಡಾಕ್ಟರಿಗೆ ಮೊದಲೇ ಹೇಳಬೇಕಾದದ್ದು ಇದಕ್ಕೆ. ಬಿಟ್ಟ ನಾಲ್ಕನೇ ದಿನ ಸಂಜೆ ಮಾವನಿಗೆ ಕೈ ನಡುಗಿತು. 'ಶುಗರ್ ಬಿತ್ತು, ಬೆಲ್ಲ ಕೊಡೇ' ಎಂದು ಅತ್ತೆಯನ್ನು ಕೂಗಿದರು. ಬೆಲ್ಲಕ್ಕೂ ಮುಂಚೆ ಬೆರಳಿಗೆ ಚುಚ್ಚಿ ನೋಡಿದೆವು. 142. ಕುಸಿತ ಎನ್ನುವುದು 70ಕ್ಕಿಂತ ಕೆಳಗೆ. ಅಂಥ ಹೊತ್ತಿನಲ್ಲಿ 15 ಗ್ರಾಂ ಸಕ್ಕರೆ ತಿಂದು 15 ನಿಮಿಷಕ್ಕೆ ಮತ್ತೆ ನೋಡಬೇಕು. ಮಾವನದು ಸಿಗರೇಟಿನ ಚಡಪಡಿಕೆ, ಅದು ಸಾಮಾನ್ಯವಾಗಿ ಐದು ನಿಮಿಷ ತಾಳಿದರೆ ಇಳಿಯುತ್ತದೆ. ಇಳಿಯಿತು. ಹದಿನೆಂಟು ರೂಪಾಯಿಯ ಒಂದು ಪಟ್ಟಿ ಅವತ್ತು ಒಂದು ಉಂಡೆ ಬೆಲ್ಲವನ್ನೂ ಒಂದು ಸಿಗರೇಟನ್ನೂ ಉಳಿಸಿತು.

ತೀರಾ ತಡೆಯಲಾರದ ದಿನಗಳಿಗೆ ತಂಬಾಕು ಪೊಟ್ಟಣದ ಮೇಲೆಯೇ ಅಚ್ಚಾದ ನಂಬರ್ ಇದೆ: 1800-11-2356. ದುಡ್ಡಿಲ್ಲ. 2016ರಲ್ಲಿ ದೆಹಲಿಯಲ್ಲಿ ಶುರುವಾದ ಈ ಸಹಾಯವಾಣಿಗೆ 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸೇರಿತು, ಕನ್ನಡದಲ್ಲೂ ಮಾತಾಡುತ್ತಾರೆ. ಮಾವ ಮೂರು ಸಲ ಫೋನ್ ಮಾಡಿದರು.

ಕಾಲು

ಡಾಕ್ಟರ ಮೇಜಿನ ಮೇಲೆ ಮೀನಿನ ಗಾಳದ ದಾರದಂಥ ನೈಲಾನ್ ಎಳೆ ಇರುತ್ತದೆ. ಅಂಗಾಲಿಗೆ ಒತ್ತಿದರೆ ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುವ ಎಳೆ ಅದು. ಆ 10 ಗ್ರಾಂ ತಗುಲಿದ್ದು ಗೊತ್ತಾಗದಿದ್ದರೆ ಚಪ್ಪಲಿಯೊಳಗೆ ಮುಳ್ಳು ನೆಟ್ಟರೂ ಗೊತ್ತಾಗುವುದಿಲ್ಲ. ಸಕ್ಕರೆ ನರವನ್ನು ಕೊಲ್ಲುತ್ತದೆ, ತಂಬಾಕು ರಕ್ತದ ದಾರಿಯನ್ನು ಕಟ್ಟುತ್ತದೆ. ಗಾಯವಾದದ್ದು ತಿಳಿಯದು, ತಿಳಿದ ಮೇಲೆ ಮಾಯಲು ರಕ್ತ ಬಾರದು. ಮೇಲೆ ಹೇಳಿದ 215ರ ಅರ್ಥ ಇದು. ಮಾವನಿಗೆ ಬಸ್ ನಿಲ್ದಾಣದವರೆಗೆ ನಡೆದರೆ ಮೀನಖಂಡ ಹಿಡಿದುಕೊಂಡು ನಿಂತುಬಿಡುವಂತಾಗಿತ್ತು. ವಯಸ್ಸು ಎಂದುಕೊಂಡಿದ್ದರು. ಬಿಟ್ಟ ಮೇಲೆ, ದಿನಾ ನಡೆಯಲು ಶುರುಮಾಡಿದ ಮೇಲೆ, ಎಲ್ಲಿ ನಿಲ್ಲಬೇಕಾಗುತ್ತದೆ ಎಂಬುದನ್ನು ವಿದ್ಯುತ್ ಕಂಬದ ಲೆಕ್ಕದಲ್ಲಿ ಬರೆದಿಡುತ್ತಿದ್ದರು. 2022ರ ಜೂನ್: 6 ಕಂಬ. 2023ರ ಜೂನ್: 14. ಆಮೇಲಿನ ಪುಟದಲ್ಲಿ ಕಂಬದ ಸಂಖ್ಯೆ ಇಲ್ಲ, 'ನಿಲ್ದಾಣ' ಎಂದಷ್ಟೇ ಇದೆ.

ಬೀಡಿಯವನಿಗೆ ಹೇಳಬೇಕಾದ ಮಾತು 284 ರೂಪಾಯಿಯದಲ್ಲ, ಈ ಕಂಬಗಳದು ಎಂದು ನನಗೆ ಅನ್ನಿಸುತ್ತದೆ. ಕೂಲಿಗೆ ಕಾಲು ಬೇಕು.

ದುಡ್ಡು ಉಳಿಯಿತೇ ಎಂದರೆ, ಮೊದಲ ಆರು ತಿಂಗಳು ಉಳಿಯಲಿಲ್ಲ, ಕರಗಿತು. ಒಂದೊಂದಾಗಿ ಹೋಗುತ್ತಿದ್ದ ದುಡ್ಡು ಒಂದೊಂದಾಗಿಯೇ ಬೇರೆ ಕಡೆ ಹೋಯಿತು. ಆಮೇಲೆ ಮಾವ ಅಂಚೆ ಕಚೇರಿಯಲ್ಲಿ ತಿಂಗಳಿಗೆ 2,400ರ ಆರ್‌ಡಿ ತೆರೆದರು. ಸಿಗರೇಟಿಗೆ ಹೋಗುತ್ತಿದ್ದಷ್ಟೇ, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರನೇ ವರ್ಷದ ಎಚ್‌ಬಿಎ1ಸಿ 7.8. ತೂಕ 71.

ಬರೆಯದ ಕಾಲಂ

ಇಷ್ಟೆಲ್ಲ ಲೆಕ್ಕ ಹಾಕುವಾಗ ನಮ್ಮಿಬ್ಬರಿಗೂ ಹೊಳೆಯದ ಒಂದು ವಿಷಯ ಜಗಲಿಯ ಆ ತುದಿಯಲ್ಲೇ ಕೂತಿತ್ತು. ಅತ್ತೆಗೂ ಸಕ್ಕರೆ ಕಾಯಿಲೆ ಇದೆ. ಮದುವೆಯಾಗಿ ಬಂದಂದಿನಿಂದ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರೆ.

ಕರ್ನಾಟಕದ ಅಂಕಿ ನೋಡಿ. ಅದೇ 2016-17ರ ಸಮೀಕ್ಷೆಯಂತೆ ರಾಜ್ಯದ ವಯಸ್ಕರಲ್ಲಿ ತಂಬಾಕು ಬಳಸುವವರು ನೂರಕ್ಕೆ 22.8. ಸೇದುವವರು 8.8, ಬಾಯಿಗೆ ಹಾಕುವವರು 16.3. ಅಂದರೆ ನಮ್ಮ ರಾಜ್ಯದ ತಂಬಾಕು ಹೊಗೆಗಿಂತ ಹೆಚ್ಚಾಗಿ ಹೊಗೆಸೊಪ್ಪು, ಕಡ್ಡಿಪುಡಿ. 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲೆಯ ಪೊಟ್ಟಣ ಒಂದು, ತಂಬಾಕಿನದು ಇನ್ನೊಂದು ಎಂದು ಜೋಡಿಯಾಗಿ ನೇತಾಡುತ್ತವೆ. ಹೆಂಗಸರಲ್ಲಿ ನೂರಕ್ಕೆ 10.3 ಮಂದಿ ತಂಬಾಕಿನವರು, ಬಹುಪಾಲು ಬಾಯಲ್ಲಿ ಇಟ್ಟುಕೊಳ್ಳುವವರೇ. ಈಗ ದೇಶಮಟ್ಟದ ಇನ್ನೊಂದು ಜೋಡಿ: ವೈದ್ಯರ ಬಳಿ ಹೋದ ಧೂಮಪಾನಿಗಳಲ್ಲಿ 'ಬಿಡಿ' ಎಂಬ ಸಲಹೆ ಪಡೆದವರು ನೂರಕ್ಕೆ 48.8, ಹೊಗೆರಹಿತ ತಂಬಾಕಿನವರಲ್ಲಿ 31.7. ಬಾಯಿಯ ತಂಬಾಕಿನ ನಿಕೋಟಿನ್ ಕೂಡ ರಕ್ತಕ್ಕೇ ಹೋಗುತ್ತದೆ, ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಎಂದೂ ಸಿಗರೇಟು ಸೇದದ ಸ್ವೀಡನ್ನಿನ ಗಂಡಸರಲ್ಲಿ, ವಾರಕ್ಕೆ 7 ಡಬ್ಬ ಮತ್ತು ಅದಕ್ಕಿಂತ ಹೆಚ್ಚು 'ಸ್ನೂಸ್' ಎಂಬ ಬಾಯಿ ತಂಬಾಕು ಬಳಸಿದವರಿಗೆ ಸಕ್ಕರೆ ಕಾಯಿಲೆಯ ಅಪಾಯ ನೂರಕ್ಕೆ 68ರಷ್ಟು ಹೆಚ್ಚು ಕಂಡಿತ್ತು. ನಮ್ಮಲ್ಲಿ ಅದರ ಜೊತೆ ಅಡಿಕೆಯೂ ಇದೆ, ಅದಕ್ಕೂ ರಕ್ತದ ಸಕ್ಕರೆಗೂ ನಂಟು ಕಂಡ ಅಧ್ಯಯನಗಳಿವೆ. ಹಲ್ಲಿನ ವಸಡು ಕೆಟ್ಟರೆ ಸಕ್ಕರೆ ಹತೋಟಿ ತಪ್ಪುವುದು ಬೇರೆ.

ಕಳೆದ ತಿಂಗಳು ಹೋದಾಗ ಅತ್ತೆಯನ್ನು ಕೇಳಿದೆ, ಇಷ್ಟು ವರ್ಷಗಳಲ್ಲಿ ಯಾವ ಡಾಕ್ಟರಾದರೂ ಹೊಗೆಸೊಪ್ಪಿನ ಬಗ್ಗೆ ಕೇಳಿದ್ದಾರೆಯೇ ಎಂದು. 'ನಿಮ್ಮ ಮಾವನ್ನ ಕೇಳ್ತಾರೆ. ನನ್ನ ಯಾರು ಕೇಳ್ತಾರೋ, ನಾನೇನು ಸಿಗರೇಟು ಸೇದ್ತೀನಾ' ಎಂದರು. ಖರ್ಚು ಎಷ್ಟು ಅಂದರೆ, 'ಐದು ರೂಪಾಯಿ ದಿನಕ್ಕೆ. ಅದೂ ಒಂದು ಲೆಕ್ಕನಾ.'

ಮಾವ ಏನೂ ಹೇಳಲಿಲ್ಲ. ಒಳಗಿನಿಂದ ಡೈರಿ ತಂದು, 8,760ರ ಎದುರಿನ ಖಾಲಿ ಪುಟದಲ್ಲಿ ಸ್ಕೇಲಿಟ್ಟು ಮೂರು ಗೆರೆ ಎಳೆದರು. ತಾರೀಕು, ಎಷ್ಟು ಸಲ ಹಾಕಿಕೊಂಡದ್ದು, ಶುಗರ್. ಅತ್ತೆ ಚಂಚಿಯ ದಾರ ಬಿಗಿದು ಮಡಿಲಲ್ಲಿ ಇಟ್ಟುಕೊಂಡು ಆ ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿದರು. 'ಇವತ್ತಿಂದು ಆಗಲೇ ಎರಡು ಆಗೈತೆ, ಬರ್ಕೋ' ಎಂದರು.